ಹಾರ್ಮೋನಿನ ಮಟ್ಟ ಸಾವನ್ನು ಮೊದಲೇ ಹೇಳಬಲ್ಲುದೇ? ಸೆಪ್ಸಿಸ್‌ನ ರಕ್ತಪರೀಕ್ಷೆಗಳ ಸುತ್ತ ಹುಟ್ಟಿದ ಗೊಂದಲ

2024ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಿಂದ ಒಂದು ದೊಡ್ಡ ವೈದ್ಯಕೀಯ ಪ್ರಯೋಗದ ಫಲಿತಾಂಶ ಹೊರಬಿತ್ತು. ‘ಅಡಾಪ್ಟ್-ಸೆಪ್ಸಿಸ್’ ಎಂಬ ಹೆಸರಿನ ಈ ಪ್ರಯೋಗ 41 ತೀವ್ರ ನಿಗಾ ಘಟಕಗಳಲ್ಲಿ, ಸೋಂಕು ಉಲ್ಬಣಿಸಿ ಅಂಗಗಳು ಕೆಡುವ ಸೆಪ್ಸಿಸ್‌ನಿಂದ ಬಳಲುತ್ತಿದ್ದ 2,760 ರೋಗಿಗಳ ಮೇಲೆ ನಡೆದಿತ್ತು. ಪ್ರೊಕ್ಯಾಲ್ಸಿಟೋನಿನ್ ಎಂಬ ಹಾರ್ಮೋನಿನ ಪೂರ್ವರೂಪವನ್ನು ರಕ್ತದಲ್ಲಿ ದಿನವೂ ಅಳೆದು, ಅದರ ಆಧಾರದ ಮೇಲೆ ಸಲಹೆ ನೀಡಿದಾಗ ಆ್ಯಂಟಿಬಯಾಟಿಕ್ ನೀಡುವ ಅವಧಿ ಸರಾಸರಿ 10.7 ದಿನಗಳಿಂದ 9.8 ದಿನಗಳಿಗೆ ಇಳಿಯಿತು. ಉರಿಯೂತವನ್ನು ಅಳೆಯುವ, ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದ ಸಿಆರ್‌ಪಿ ಪರೀಕ್ಷೆಯನ್ನು ಅದೇ ರೀತಿ ಬಳಸಿದಾಗ ಅವಧಿ ಕಡಿಮೆಯಾಗಲಿಲ್ಲ.

ಓದುಗರಿಗೆ ಗೊಂದಲವಾಗುವುದು ಈ ಸುದ್ದಿಯನ್ನು ಬೇರೆ ಸುದ್ದಿಗಳ ಪಕ್ಕದಲ್ಲಿಟ್ಟಾಗ. ಸೆಪ್ಸಿಸ್ ಚಿಕಿತ್ಸೆಗೆ ಜಗತ್ತಿನಾದ್ಯಂತ ಅನುಸರಿಸುವ ‘ಸರ್ವೈವಿಂಗ್ ಸೆಪ್ಸಿಸ್’ ಮಾರ್ಗಸೂಚಿಯ 2021ರ ಆವೃತ್ತಿಯು, ಆ್ಯಂಟಿಬಯಾಟಿಕ್ ಆರಂಭಿಸಬೇಕೇ ಬೇಡವೇ ಎಂದು ನಿರ್ಧರಿಸಲು ಇದೇ ಪ್ರೊಕ್ಯಾಲ್ಸಿಟೋನಿನ್ ಅನ್ನು ಬಳಸಬಾರದೆಂದು ಸಲಹೆ ಮಾಡುತ್ತದೆ. ಇನ್ನೊಂದೆಡೆ, ರಕ್ತದಲ್ಲಿನ ಹಾರ್ಮೋನುಗಳನ್ನು ಅಳೆದು ತೀವ್ರ ಸೋಂಕಿನ ರೋಗಿ ಉಳಿಯುವನೋ ಇಲ್ಲವೋ ಎಂದು ಮುಂಚೆಯೇ ತಿಳಿಯಬಹುದೆಂಬ ವರದಿಗಳು ಆಗಾಗ ಬರುತ್ತಿರುತ್ತವೆ. ಒಂದೇ ಪರೀಕ್ಷೆ ಒಂದು ಕಡೆ ಉಪಯುಕ್ತ, ಮತ್ತೊಂದು ಕಡೆ ಅನಗತ್ಯ, ಮಗದೊಂದು ಕಡೆ ಭವಿಷ್ಯ ಹೇಳುವ ಸಾಧನ ಎನಿಸಿಕೊಳ್ಳುವುದು ಹೇಗೆ? ಈ ಮೂರು ಮಾತುಗಳು ಮೂರು ಬೇರೆ ಪ್ರಶ್ನೆಗಳಿಗೆ ಸಿಕ್ಕಿರುವ ಉತ್ತರಗಳು. ಅವುಗಳನ್ನು ಬೆರೆಸಿದಾಗ ನಷ್ಟವಾಗುವುದು ರೋಗಿಗೆ.

ಸೆಪ್ಸಿಸ್‌ನಲ್ಲಿ ನಡೆಯುವುದೇನು

‘ಸೋಂಕು ರಕ್ತಕ್ಕೆ ಹರಡಿದೆ’ ಎಂದು ಆಸ್ಪತ್ರೆಗಳಲ್ಲಿ ಸಂಬಂಧಿಕರಿಗೆ ಹೇಳುವುದುಂಟು. ಅದು ಅರ್ಧ ವಿವರಣೆ ಮಾತ್ರ. 2016ರಲ್ಲಿ ಪರಿಷ್ಕರಿಸಿದ ಅಂತಾರಾಷ್ಟ್ರೀಯ ವ್ಯಾಖ್ಯಾನದ ಪ್ರಕಾರ, ಸೋಂಕಿಗೆ ದೇಹವು ತೋರುವ ಪ್ರತಿಕ್ರಿಯೆ ಹತೋಟಿ ತಪ್ಪಿ, ಆ ಪ್ರತಿಕ್ರಿಯೆಯಿಂದಲೇ ಮೂತ್ರಪಿಂಡ, ಶ್ವಾಸಕೋಶ, ಯಕೃತ್ತು, ಮಿದುಳಿನಂಥ ಅಂಗಗಳು ಜೀವಕ್ಕೆ ಅಪಾಯವಾಗುವಷ್ಟು ಕೆಡುವ ಸ್ಥಿತಿಯೇ ಸೆಪ್ಸಿಸ್. ರಕ್ತದಲ್ಲಿ ರೋಗಾಣು ಸಿಗದಿದ್ದರೂ ಸೆಪ್ಸಿಸ್ ಇರಬಹುದು. 2020ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ 2017ರ ಒಂದೇ ವರ್ಷದಲ್ಲಿ ಸುಮಾರು 4.89 ಕೋಟಿ ಜನ ಸೆಪ್ಸಿಸ್‌ಗೆ ತುತ್ತಾದರು, 1.1 ಕೋಟಿ ಜನ ಸತ್ತರು. ಜಗತ್ತಿನಲ್ಲಿ ಆ ವರ್ಷ ಸತ್ತ ಪ್ರತಿ ಐವರಲ್ಲಿ ಒಬ್ಬರ ಸಾವಿಗೆ ಸೆಪ್ಸಿಸ್‌ನ ನಂಟಿತ್ತು.

ಕೆಡುಕಿನ ಮೂಲ ರೋಗಾಣುವಿನಷ್ಟೇ ದೇಹದ ಪ್ರತಿಕ್ರಿಯೆಯಲ್ಲೂ ಇರುವುದರಿಂದ, ಆ ಪ್ರತಿಕ್ರಿಯೆಯ ತೀವ್ರತೆಯನ್ನು ಅಳೆಯುವ ಆಸೆ ಸಹಜವಾದದ್ದು. ಹಾರ್ಮೋನುಗಳತ್ತ ಸಂಶೋಧಕರ ಗಮನ ಹರಿದದ್ದು ಈ ಕಾರಣಕ್ಕೆ. ರಕ್ತನಾಳಗಳ ಬಿಗಿ, ನೀರಿನಂಶದ ಉಳಿತಾಯ, ಸಕ್ಕರೆಯ ಪೂರೈಕೆ ಇವೆಲ್ಲವನ್ನೂ ಸಂಕಟದ ವೇಳೆ ಹೊಂದಿಸುವುದು ಹಾರ್ಮೋನುಗಳೇ. ದೇಹ ಎಷ್ಟು ಕಷ್ಟದಲ್ಲಿದೆಯೋ ಸಾಮಾನ್ಯವಾಗಿ ಅಷ್ಟು ಹೆಚ್ಚಾಗಿ ಅವು ಸ್ರವಿಸುತ್ತವೆ.

ದಾರಿ ತಪ್ಪಿದ ಒಂದು ಪೂರ್ವರೂಪ

ಪ್ರೊಕ್ಯಾಲ್ಸಿಟೋನಿನ್ ಎಂಬುದು ಕ್ಯಾಲ್ಸಿಟೋನಿನ್ ಹಾರ್ಮೋನಿನ ಪೂರ್ವರೂಪ. ಆರೋಗ್ಯವಂತರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲವು ಜೀವಕೋಶಗಳು 116 ಅಮೈನೋ ಆಮ್ಲಗಳ ಈ ಸರಪಳಿಯನ್ನು ತಯಾರಿಸಿ, ಒಳಗೇ ಕತ್ತರಿಸಿ, 32 ಅಮೈನೋ ಆಮ್ಲಗಳ ಸಿದ್ಧ ಹಾರ್ಮೋನನ್ನು ಮಾತ್ರ ಹೊರಬಿಡುತ್ತವೆ. ಹಾಗಾಗಿ ಪೂರ್ವರೂಪದ ಮಟ್ಟ ಒಂದು ಮಿಲಿಲೀಟರಿಗೆ 0.05 ನ್ಯಾನೋಗ್ರಾಮ್‌ಗಿಂತಲೂ ಕಡಿಮೆ ಇರುತ್ತದೆ. ತೀವ್ರ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಚಿತ್ರ ಬದಲಾಗುತ್ತದೆ. ಬ್ಯಾಕ್ಟೀರಿಯಾದ ವಿಷಾಂಶಗಳು ಮತ್ತು ಉರಿಯೂತದ ಸಂಕೇತಗಳ ಪ್ರಚೋದನೆಯಿಂದ ಯಕೃತ್ತು, ಕೊಬ್ಬು, ಶ್ವಾಸಕೋಶ ಸೇರಿದಂತೆ ಅನೇಕ ಅಂಗಾಂಶಗಳು ಈ ಸರಪಳಿಯನ್ನು ತಯಾರಿಸತೊಡಗುತ್ತವೆ. ಆದರೆ ಅದನ್ನು ಕತ್ತರಿಸಿ ಹಾರ್ಮೋನಾಗಿಸುವ ವ್ಯವಸ್ಥೆ ಅಲ್ಲಿಲ್ಲದ ಕಾರಣ ಪೂರ್ವರೂಪವೇ ರಕ್ತಕ್ಕೆ ಸೇರುತ್ತದೆ. ಥೈರಾಯ್ಡ್ ತೆಗೆದುಹಾಕಿದ ರೋಗಿಯಲ್ಲೂ ಸೆಪ್ಸಿಸ್ ಬಂದಾಗ ಇದು ಏರುವುದಕ್ಕೆ ಕಾರಣ ಇದೇ.

ಸೋಂಕಿನೊಡನೆ ಇದಕ್ಕಿರುವ ಸಂಬಂಧವನ್ನು ಫ್ರಾನ್ಸಿನ ಸಂಶೋಧಕರು 1993ರಲ್ಲಿ ಮಕ್ಕಳನ್ನು ಪರೀಕ್ಷಿಸಿ ಪ್ರಕಟಿಸಿದರು. ಸೋಂಕು ಆರಂಭವಾದ ಮೂರರಿಂದ ಆರು ಗಂಟೆಯೊಳಗೆ ಏರಲಾರಂಭಿಸಿ, ಸುಮಾರು ಒಂದು ದಿನದೊಳಗೆ ಗರಿಷ್ಠ ಮಟ್ಟ ತಲುಪಿ, ಸೋಂಕು ಹತೋಟಿಗೆ ಬಂದ ಮೇಲೆ ಹೆಚ್ಚುಕಡಿಮೆ ದಿನಕ್ಕೆ ಅರ್ಧದಷ್ಟು ಇಳಿಯುವ ಇದರ ನಡೆ ವೈದ್ಯರಿಗೆ ಅನುಕೂಲಕರ. ವೈರಸ್ ಸೋಂಕುಗಳಲ್ಲಿ ದೇಹ ಸ್ರವಿಸುವ ಇಂಟರ್‌ಫೆರಾನ್ ಗಾಮಾ ಇದರ ಉತ್ಪಾದನೆಯನ್ನು ತಗ್ಗಿಸುವುದರಿಂದ, ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳ ನಡುವೆ ಭೇದ ತೋರಿಸೀತೆಂಬ ನಿರೀಕ್ಷೆಯೂ ಬೆಳೆಯಿತು. ಆದರೆ ದೊಡ್ಡ ಶಸ್ತ್ರಚಿಕಿತ್ಸೆ, ಅಪಘಾತದ ಗಾಯ, ಸುಟ್ಟಗಾಯ, ಮೂತ್ರಪಿಂಡ ವೈಫಲ್ಯ, ಹುಟ್ಟಿದ ಮೊದಲ ಎರಡು ದಿನ ಈ ಸಂದರ್ಭಗಳಲ್ಲಿ ಸೋಂಕಿಲ್ಲದೆಯೂ ಇದು ಏರುತ್ತದೆ. ಒಂದೆಡೆ ಸೀಮಿತವಾಗಿ ಕೀವುಗಟ್ಟಿದ ಸೋಂಕಿನಲ್ಲಿ ಏರದೆಯೂ ಇರಬಹುದು.

ಕಾರ್ಟಿಸೋಲ್ ಕಲಿಸಿದ ಪಾಠ

ಹಾರ್ಮೋನಿನಿಂದ ಭವಿಷ್ಯ ತಿಳಿಯುವ ಪ್ರಯತ್ನಗಳಲ್ಲಿ ಹೆಚ್ಚು ಹಳೆಯದೂ ಹೆಚ್ಚು ಬೋಧಪ್ರದವೂ ಆದದ್ದು ಕಾರ್ಟಿಸೋಲ್‌ನ ಕಥೆ. ಅಡ್ರಿನಲ್ ಗ್ರಂಥಿ ಸ್ರವಿಸುವ ಈ ಹಾರ್ಮೋನು ರಕ್ತದೊತ್ತಡವನ್ನು ಹಿಡಿದಿಡಲು ಬೇಕೇ ಬೇಕು. 2000ದಲ್ಲಿ ಫ್ರಾನ್ಸಿನ ಜಿಲಾಲಿ ಅನಾನ್ ಮತ್ತು ಸಂಗಡಿಗರು ಸೆಪ್ಟಿಕ್ ಆಘಾತದಲ್ಲಿದ್ದ, ಅಂದರೆ ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದಿದ್ದ 189 ರೋಗಿಗಳನ್ನು ಪರೀಕ್ಷಿಸಿ, ಕಾರ್ಟಿಸೋಲ್ ಮಟ್ಟ ಮೊದಲೇ ಹೆಚ್ಚಿದ್ದು, ಗ್ರಂಥಿಯನ್ನು ಚುಚ್ಚುಮದ್ದಿನಿಂದ ಪ್ರಚೋದಿಸಿದಾಗ ಮತ್ತೆ ಏರದವರಲ್ಲಿ ಸಾವು ಅತಿ ಹೆಚ್ಚೆಂದು ತೋರಿಸಿದರು. ಎರಡು ವರ್ಷಗಳ ಬಳಿಕ ಅದೇ ತಂಡ 300 ರೋಗಿಗಳ ಪ್ರಯೋಗದಲ್ಲಿ, ಹೀಗೆ ಪ್ರತಿಕ್ರಿಯಿಸದವರಿಗೆ ಕಾರ್ಟಿಸೋಲ್‌ನಂತೆ ಕೆಲಸ ಮಾಡುವ ಸ್ಟಿರಾಯ್ಡ್ ಕೊಟ್ಟರೆ ಜೀವ ಉಳಿಯುವ ಸಾಧ್ಯತೆ ಹೆಚ್ಚುತ್ತದೆಂದು ವರದಿ ಮಾಡಿತು. ಮುನ್ಸೂಚನೆಯೂ ಚಿಕಿತ್ಸೆಯೂ ಒಂದೇ ಪರೀಕ್ಷೆಯಲ್ಲಿ ಕೂಡಿಬಂದವೆಂದು ಆಗ ಅನೇಕರು ನಂಬಿದರು.

ನಂಬಿಕೆ ಬಹುಕಾಲ ಉಳಿಯಲಿಲ್ಲ. 2008ರಲ್ಲಿ ಪ್ರಕಟವಾದ, 499 ರೋಗಿಗಳ ‘ಕಾರ್ಟಿಕಸ್’ ಪ್ರಯೋಗದಲ್ಲಿ ಸ್ಟಿರಾಯ್ಡ್‌ನಿಂದ ಆಘಾತ ಬೇಗ ಇಳಿಯಿತಾದರೂ, ಪ್ರಚೋದನೆಗೆ ಪ್ರತಿಕ್ರಿಯಿಸಿದವರಲ್ಲಾಗಲಿ ಪ್ರತಿಕ್ರಿಯಿಸದವರಲ್ಲಾಗಲಿ ಸಾವು ತಗ್ಗಲಿಲ್ಲ. 2013ರಲ್ಲಿ ಬೆಲ್ಜಿಯಂನ ಸಂಶೋಧಕರು ಇದಕ್ಕೊಂದು ವಿವರಣೆಯನ್ನು ಮುಂದಿಟ್ಟರು. ತೀವ್ರ ಅಸ್ವಸ್ಥರಲ್ಲಿ ಕಾರ್ಟಿಸೋಲ್ ಏರುವುದು ಗ್ರಂಥಿ ಹೆಚ್ಚು ಸ್ರವಿಸುವುದರಿಂದ ಮಾತ್ರವಲ್ಲ, ದೇಹ ಅದನ್ನು ಒಡೆಯುವ ವೇಗ ಕುಗ್ಗುವುದರಿಂದಲೂ ಎಂದು ಅವರು ಕಂಡುಕೊಂಡರು. ಜೊತೆಗೆ, ರಕ್ತದಲ್ಲಿನ ಕಾರ್ಟಿಸೋಲ್‌ನ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಸೆಪ್ಸಿಸ್‌ನಲ್ಲಿ ಆ ಪ್ರೋಟೀನುಗಳೇ ಕುಸಿಯುವುದರಿಂದ ಪ್ರಯೋಗಾಲಯ ಅಳೆಯುವ ಒಟ್ಟು ಮಟ್ಟಕ್ಕೂ ನಿಜವಾಗಿ ಕೆಲಸ ಮಾಡುತ್ತಿರುವ ಮಟ್ಟಕ್ಕೂ ಅಂತರ ಬೀಳುತ್ತದೆ. 2018ರಲ್ಲಿ ಸ್ಟಿರಾಯ್ಡ್ ಕುರಿತ ಎರಡು ದೊಡ್ಡ ಪ್ರಯೋಗಗಳು ಬಂದವು. ಒಂದು ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಇನ್ನೊಂದು ಕಂಡಿತು. ಎರಡರಲ್ಲೂ ರೋಗಿಗಳನ್ನು ಆರಿಸಿದ್ದು ಕಾರ್ಟಿಸೋಲ್ ಮಟ್ಟ ನೋಡಿ ಅಲ್ಲ. ಇಂದು ರಕ್ತದೊತ್ತಡ ಏರಿಸುವ ಔಷಧ ಎಷ್ಟು ಬೇಕಾಗುತ್ತಿದೆ ಎಂಬುದನ್ನು ನೋಡಿ ಸ್ಟಿರಾಯ್ಡ್ ಆರಂಭಿಸುತ್ತಾರೆ. ಅಂದರೆ ಭವಿಷ್ಯವನ್ನು ಸೂಚಿಸಬಲ್ಲ ಒಂದು ಹಾರ್ಮೋನು, ಚಿಕಿತ್ಸೆ ಯಾರಿಗೆ ಎಂಬುದನ್ನು ಹೇಳಲು ಸೋತಿತು.

ಇದೇ ಸಾಲಿನಲ್ಲಿ ಇನ್ನೆರಡು ಹೆಸರುಗಳು ಈಗ ಕೇಳಿಬರುತ್ತಿವೆ. ದೇಹದಲ್ಲಿ ನೀರುಳಿಸಿ ರಕ್ತನಾಳಗಳನ್ನು ಬಿಗಿಗೊಳಿಸುವ ವಾಸೊಪ್ರೆಸಿನ್ ಕೆಲವೇ ನಿಮಿಷಗಳಲ್ಲಿ ಕರಗಿಹೋಗುವುದರಿಂದ, ಅದರ ಜೊತೆಯಲ್ಲೇ ಹುಟ್ಟಿ ಹೆಚ್ಚು ಹೊತ್ತು ಉಳಿಯುವ ಕೋಪೆಪ್ಟಿನ್ ಎಂಬ ತುಣುಕನ್ನು ಅಳೆಯುತ್ತಾರೆ. ರಕ್ತನಾಳಗಳನ್ನು ಹಿಗ್ಗಿಸುವ ಅಡ್ರಿನೋಮೆಡುಲಿನ್ ಜಪಾನಿನಲ್ಲಿ 1993ರಲ್ಲಿ ಪತ್ತೆಯಾದ ಹಾರ್ಮೋನು. ಅದಕ್ಕೂ ಹೀಗೆಯೇ ಬಾಳಿಕೆ ಬರುವ ಒಂದು ಜೊತೆಗಾರ ತುಣುಕಿದೆ. ಅಂಗಗಳ ವೈಫಲ್ಯದೊಡನೆ ಈ ಎರಡನೆಯದರ ನಂಟು ಗಟ್ಟಿಯಾಗಿದ್ದು, ಸಾವಿನ ಅಪಾಯವನ್ನು ಅಂದಾಜಿಸುವುದರಲ್ಲಿ ಪ್ರೊಕ್ಯಾಲ್ಸಿಟೋನಿನ್‌ಗಿಂತ ಮೇಲೆಂದು ಹಲವು ಅಧ್ಯಯನಗಳು ಹೇಳುತ್ತವೆ.

ಮುನ್ಸೂಚನೆಯ ಲೆಕ್ಕ

ಒಂದು ಪರೀಕ್ಷೆ ಸಾವನ್ನು ‘ಶೇ 80ರಷ್ಟು ನಿಖರವಾಗಿ’ ಮುನ್ಸೂಚಿಸುತ್ತದೆ ಎಂಬ ಸುದ್ದಿಯನ್ನು ಓದಿದವರು, ಪರೀಕ್ಷೆಯಲ್ಲಿ ಮಟ್ಟ ಹೆಚ್ಚಾಗಿ ಬಂದವರಲ್ಲಿ ಶೇ 80 ಮಂದಿ ಸಾಯುತ್ತಾರೆಂದು ತಿಳಿಯುತ್ತಾರೆ. ಲೆಕ್ಕ ಹಾಗಿಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಿಗಾ ಘಟಕದ 100 ಸೆಪ್ಸಿಸ್ ರೋಗಿಗಳಲ್ಲಿ 25 ಮಂದಿ ಸಾಯುತ್ತಾರೆ, 75 ಮಂದಿ ಉಳಿಯುತ್ತಾರೆ. ಪರೀಕ್ಷೆಯು ಸಾಯುವವರಲ್ಲಿ ಶೇ 80 ಮಂದಿಯನ್ನೂ ಉಳಿಯುವವರಲ್ಲಿ ಶೇ 80 ಮಂದಿಯನ್ನೂ ಸರಿಯಾಗಿ ಗುರುತಿಸುತ್ತದೆ ಎಂದುಕೊಂಡರೆ, ಸಾಯುವ 25ರಲ್ಲಿ 20 ಮಂದಿಗೆ ‘ಅಪಾಯ’ ಎಂಬ ಫಲಿತಾಂಶ ಬರುತ್ತದೆ. ಉಳಿಯುವ 75ರಲ್ಲೂ 15 ಮಂದಿಗೆ ಅದೇ ಫಲಿತಾಂಶ ಬರುತ್ತದೆ. ಒಟ್ಟು 35 ‘ಅಪಾಯ’ದ ವರದಿಗಳಲ್ಲಿ 15 ಮಂದಿ ಗುಣವಾಗಿ ಮನೆಗೆ ಹೋಗುವವರು. ಇದೇ ಪರೀಕ್ಷೆಯನ್ನು ನೂರರಲ್ಲಿ ಐವರಷ್ಟೇ ಸಾಯುವ ಸಾಮಾನ್ಯ ವಾರ್ಡಿನಲ್ಲಿ ಮಾಡಿದರೆ ‘ಅಪಾಯ’ ಎಂದು ಬರುವ 23 ವರದಿಗಳಲ್ಲಿ 19 ಬದುಕುವವರದ್ದೇ ಆಗಿರುತ್ತವೆ. ಪರೀಕ್ಷೆ ಬದಲಾಗಿಲ್ಲ, ಪರೀಕ್ಷಿಸಿದ ಜನ ಬದಲಾಗಿದ್ದಾರೆ ಅಷ್ಟೇ.

ನೈಜ ಅಧ್ಯಯನಗಳಲ್ಲೂ ಕಾಣುವುದು ಇದೇ ತೆರನಾದ ಚಿತ್ರ. 2017ರಲ್ಲಿ ಪ್ರಕಟವಾದ ಅಮೆರಿಕದ ‘ಮೋಸೆಸ್’ ಅಧ್ಯಯನದಲ್ಲಿ 858 ರೋಗಿಗಳ ಪ್ರೊಕ್ಯಾಲ್ಸಿಟೋನಿನ್ ಅನ್ನು ಮತ್ತೆ ಮತ್ತೆ ಅಳೆಯಲಾಯಿತು. ನಾಲ್ಕನೆಯ ದಿನದ ಹೊತ್ತಿಗೆ ಅದು ಶೇ 80ಕ್ಕಿಂತ ಹೆಚ್ಚು ಇಳಿದವರಲ್ಲಿ 28 ದಿನಗಳೊಳಗೆ ಸತ್ತವರು ಸುಮಾರು ಶೇ 10, ಅಷ್ಟು ಇಳಿಯದವರಲ್ಲಿ ಸುಮಾರು ಶೇ 20. ಅಪಾಯ ಇಮ್ಮಡಿಯಾಯಿತೆಂಬುದು ನಿಜ, ಮತ್ತು ಅದು ಹಗುರವಾಗಿ ಕಾಣುವ ಸಂಗತಿಯಲ್ಲ. ಆದರೆ ಮಟ್ಟ ಅಷ್ಟು ಇಳಿಯದ ಐವರಲ್ಲಿ ನಾಲ್ವರು ಬದುಕಿದ್ದರೆಂಬುದೂ ಅಷ್ಟೇ ನಿಜ. ಮೊದಲ ದಿನದ ಒಂದು ಅಂಕಿಗಿಂತ ದಿನಗಳುದ್ದಕ್ಕೂ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಹೆಚ್ಚು ಹೇಳುತ್ತದೆ ಎಂಬುದು ಈ ಅಧ್ಯಯನದಿಂದ ಹೊರಟ ಮುಖ್ಯ ಅಂಶ.

ಆರಂಭಿಸುವುದು ಬೇರೆ, ನಿಲ್ಲಿಸುವುದು ಬೇರೆ

ಮುನ್ಸೂಚನೆ ಸಿಕ್ಕ ಮೇಲೆ ಅದರಿಂದ ರೋಗಿಗೆ ಒಳಿತಾಯಿತೇ? ಡೆನ್ಮಾರ್ಕ್‌ನ ‘ಪಾಸ್’ ಪ್ರಯೋಗ ಈ ಪ್ರಶ್ನೆಯನ್ನು ನೇರವಾಗಿ ಕೇಳಿತು. 1,200 ನಿಗಾ ಘಟಕದ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ, ಪ್ರೊಕ್ಯಾಲ್ಸಿಟೋನಿನ್ ಏರಿದ ಕೂಡಲೇ ಹೆಚ್ಚಿನ ತಪಾಸಣೆ ನಡೆಸಿ ಆ್ಯಂಟಿಬಯಾಟಿಕ್‌ಗಳನ್ನು ವಿಸ್ತರಿಸಲಾಯಿತು. ತರ್ಕ ಸರಳವಾಗಿತ್ತು: ಅಪಾಯ ಬೇಗ ತಿಳಿದರೆ ಬೇಗ ತಡೆಯಬಹುದು. 2011ರಲ್ಲಿ ಪ್ರಕಟವಾದ ಫಲಿತಾಂಶ ಆ ತರ್ಕವನ್ನು ಬೆಂಬಲಿಸಲಿಲ್ಲ. ಸಾವು ತಗ್ಗಲಿಲ್ಲ, ಬದಲಿಗೆ ನಿಗಾ ಘಟಕದ ವಾಸ ಹೆಚ್ಚಿತು, ಅಂಗಗಳಿಗೆ ತೊಂದರೆ ಹೆಚ್ಚಾಗಿ ಕಂಡಿತು. ಅಂಕಿ ಏರಿತೆಂದು ಔಷಧ ಸುರಿದರೆ ಔಷಧಕ್ಕೂ ತನ್ನದೇ ಆದ ಹಾನಿ ಇರುತ್ತದೆ.

ನಿಲ್ಲಿಸುವ ನಿರ್ಧಾರದಲ್ಲಿ ಮಾತ್ರ ಕಥೆ ಬೇರೆಯಾಯಿತು. ನೆದರ್‌ಲೆಂಡ್ಸ್‌ನ ‘ಸಾಪ್ಸ್’ ಪ್ರಯೋಗದಲ್ಲಿ, ಪ್ರೊಕ್ಯಾಲ್ಸಿಟೋನಿನ್ ಗರಿಷ್ಠ ಮಟ್ಟದಿಂದ ಶೇ 80ರಷ್ಟು ಇಳಿದಾಗ ಅಥವಾ ಒಂದು ಮಿಲಿಲೀಟರಿಗೆ 0.5 ನ್ಯಾನೋಗ್ರಾಮ್‌ಗೆ ಬಂದಾಗ ಆ್ಯಂಟಿಬಯಾಟಿಕ್ ನಿಲ್ಲಿಸುವಂತೆ ಸಲಹೆ ಕೊಡಲಾಯಿತು. 2016ರಲ್ಲಿ ಪ್ರಕಟವಾದ ಇದರ ಫಲಿತಾಂಶದಂತೆ ಔಷಧದ ಅವಧಿ 7 ದಿನಗಳಿಂದ 5ಕ್ಕೆ ಇಳಿಯಿತು, 28 ದಿನಗಳೊಳಗಿನ ಸಾವು ಶೇ 25ರ ಬದಲು ಶೇ 20 ಆಗಿತ್ತು. ಇದಾದ ಮೇಲೆ, 2017ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸೆಪ್ಸಿಸ್ ಮತ್ತು ಶ್ವಾಸಕೋಶದ ಸೋಂಕುಗಳಲ್ಲಿ ಆ್ಯಂಟಿಬಯಾಟಿಕ್ ನಿರ್ಧಾರಕ್ಕೆ ಈ ಪರೀಕ್ಷೆಯ ಬಳಕೆಯನ್ನು ಒಪ್ಪಿತು. ಮರುವರ್ಷವೇ ಅದೇ ದೇಶದ 14 ಆಸ್ಪತ್ರೆಗಳ ‘ಪ್ರೊಆ್ಯಕ್ಟ್’ ಪ್ರಯೋಗ, ತುರ್ತು ವಿಭಾಗಕ್ಕೆ ಶ್ವಾಸಕೋಶದ ಸೋಂಕಿನ ಶಂಕೆಯೊಡನೆ ಬಂದ 1,656 ರೋಗಿಗಳಲ್ಲಿ ಪರೀಕ್ಷೆಯಿಂದ ಆ್ಯಂಟಿಬಯಾಟಿಕ್ ಬಳಕೆ ಕಡಿಮೆಯಾಗಲಿಲ್ಲವೆಂದು ತೋರಿಸಿತು.

ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ಫಲಿತಾಂಶಗಳ ಹಿಂದೆ ಒಂದು ಸರಳ ಕಾರಣವಿದೆ. ಸೆಪ್ಸಿಸ್ ಶಂಕೆಯ ರೋಗಿಗೆ ಔಷಧ ತಡವಾದರೆ ಜೀವ ಹೋಗಬಹುದು. ಆಘಾತದಲ್ಲಿರುವವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಹೀಗಿರುವಾಗ ಪ್ರೊಕ್ಯಾಲ್ಸಿಟೋನಿನ್ ಕಡಿಮೆ ಬಂದಿದೆ ಎಂಬ ಕಾರಣಕ್ಕೆ ಯಾವ ವೈದ್ಯರೂ ಔಷಧ ತಡೆಹಿಡಿಯಲಾರರು, ಹೆಚ್ಚು ಬಂದರೂ ಆಗಲೇ ಕೊಡುತ್ತಿರುವುದನ್ನೇ ಮುಂದುವರಿಸುತ್ತಾರೆ. ಅಂಕಿ ಏನೇ ಬಂದರೂ ನಿರ್ಧಾರ ಅದೇ. ಆರನೆಯ ದಿನದ ಸನ್ನಿವೇಶ ಬೇರೆ. ರೋಗಿ ಚೇತರಿಸಿಕೊಳ್ಳುತ್ತಿದ್ದಾನೆ, ಔಷಧ ನಿಲ್ಲಿಸಲು ವೈದ್ಯರಿಗೆ ಅಳುಕಿದೆ. ಆಗ ಇಳಿದ ಅಂಕಿಯೊಂದು ಆ ಅಳುಕನ್ನು ಕಳೆದು ನಿರ್ಧಾರವನ್ನೇ ಬದಲಿಸುತ್ತದೆ. 2021ರ ಮಾರ್ಗಸೂಚಿ ಆರಂಭಿಸಲು ಬೇಡವೆಂದು ಹೇಳಿ, ಅವಧಿ ಎಷ್ಟಿರಬೇಕೆಂದು ಸ್ಪಷ್ಟವಿಲ್ಲದಾಗ ನಿಲ್ಲಿಸಲು ಬಳಸಬಹುದೆಂದು ಸೂಚಿಸಿರುವುದರಲ್ಲಿ ವೈರುಧ್ಯವಿಲ್ಲ.

ಪರ-ವಿರೋಧದ ವಾದಗಳು

ಪರೀಕ್ಷೆಯ ಪರವಾಗಿರುವವರು ಆ್ಯಂಟಿಬಯಾಟಿಕ್ ನಿರೋಧಕತೆಯತ್ತ ಬೊಟ್ಟು ಮಾಡುತ್ತಾರೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಪ್ರತಿ ರೋಗಿಗೂ ಒಂದು ದಿನದ ಔಷಧ ಉಳಿದರೆ ಲಕ್ಷಾಂತರ ರೋಗಿಗಳ ಲೆಕ್ಕದಲ್ಲಿ ಅದು ದೊಡ್ಡ ಉಳಿತಾಯ. ಈ ವಾದಕ್ಕೆ ತೂಕವಿದೆ.

ಪ್ರಶ್ನಿಸುವವರ ಮಾತಿಗೂ ತೂಕವಿದೆ. ಬ್ರಿಟನ್ನಿನ ಪ್ರಯೋಗದಲ್ಲಿ ಪ್ರೊಕ್ಯಾಲ್ಸಿಟೋನಿನ್ ಗುಂಪಿನ ಸಾವಿನ ಪ್ರಮಾಣ ಶೇ 20.9, ಸಾಮಾನ್ಯ ಚಿಕಿತ್ಸೆಯ ಗುಂಪಿನದು ಶೇ 19.4. ಮೊದಲೇ ನಿಗದಿಪಡಿಸಿದ್ದ ಶೇ 5.4ರ ಮಿತಿಯೊಳಗೆ ವ್ಯತ್ಯಾಸ ಉಳಿದದ್ದರಿಂದ ಇದು ಸುರಕ್ಷಿತವೆಂದು ಸಂಶೋಧಕರು ತೀರ್ಮಾನಿಸಿದರು. ನೂರಕ್ಕೆ ಐವರಷ್ಟು ಹೆಚ್ಚು ಸಾವನ್ನು ತಳ್ಳಿಹಾಕಲಷ್ಟೇ ಶಕ್ತವಾದ ಆ ಮಿತಿ ವಿಶಾಲವಾದದ್ದೆಂಬ ಆಕ್ಷೇಪವನ್ನು ಸುಲಭವಾಗಿ ಬದಿಗಿಡಲಾಗದು. ನೆದರ್‌ಲೆಂಡ್ಸ್‌ನ ಪ್ರಯೋಗದ ಫಲಿತಾಂಶ ಇದಕ್ಕೆ ಸಮಾಧಾನ ನೀಡುವಂತಿದೆ, ಪೂರ್ಣ ಉತ್ತರವಲ್ಲ. ಇನ್ನೊಂದು ಆಕ್ಷೇಪವೂ ಗಂಭೀರವಾದದ್ದು: ಅನೇಕ ಸೋಂಕುಗಳಿಗೆ ಏಳು ದಿನ ಸಾಕೆಂಬ ನಿಯಮವನ್ನು ಶಿಸ್ತಿನಿಂದ ಪಾಲಿಸುವ ಆಸ್ಪತ್ರೆಯಲ್ಲಿ ಪರೀಕ್ಷೆಯ ನೆರವಿಲ್ಲದೆಯೇ ಇಷ್ಟು ಉಳಿತಾಯ ಸಾಧ್ಯ.

ನಮ್ಮ ಆಸ್ಪತ್ರೆಗಳ ಸಂದರ್ಭ

ಪ್ರೊಕ್ಯಾಲ್ಸಿಟೋನಿನ್ ಕುರಿತ ಮೇಲಿನ ಪ್ರಯೋಗಗಳೆಲ್ಲ ಯುರೋಪು, ಅಮೆರಿಕಗಳಲ್ಲಿ ನಡೆದವು. ಕರ್ನಾಟಕದ ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದಲ್ಲಿ ತೀವ್ರ ಜ್ವರದೊಡನೆ ಆಸ್ಪತ್ರೆ ಸೇರುವವರ ಕಾಯಿಲೆಗಳ ಪಟ್ಟಿ ಬೇರೆಯೇ ಇದೆ: ಇಲಿಜ್ವರ, ಸ್ಕ್ರಬ್ ಟೈಫಸ್, ಮಲೇರಿಯಾ, ಡೆಂಗಿ. ಮಲೇರಿಯಾ ಬ್ಯಾಕ್ಟೀರಿಯಾದಿಂದ ಬರುವುದಲ್ಲವಾದರೂ ತೀವ್ರವಾದಾಗ ಪ್ರೊಕ್ಯಾಲ್ಸಿಟೋನಿನ್ ಏರುತ್ತದೆ. ಸ್ಕ್ರಬ್ ಟೈಫಸ್‌ನಲ್ಲೂ ಏರುತ್ತದೆ. ಅಂಕಿ ಹೆಚ್ಚಿದೆಯೆಂದು ದುಬಾರಿ ಆ್ಯಂಟಿಬಯಾಟಿಕ್ ಆರಂಭಿಸಿದರೆ ಇವೆರಡಕ್ಕೂ ಪ್ರಯೋಜನವಿಲ್ಲ. ಮೊದಲನೆಯದಕ್ಕೆ ಆರ್ಟಿಸುನೇಟ್ ಬೇಕು, ಎರಡನೆಯದಕ್ಕೆ ಅಗ್ಗದ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್. ಸ್ಕ್ರಬ್ ಟೈಫಸ್‌ನ ಸುಳಿವು ಅನೇಕ ವೇಳೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಅಡಗಿರುವ ಒಂದು ಕಪ್ಪು ಹಕ್ಕಳೆಯಲ್ಲಿರುತ್ತದೆ. ಅದನ್ನು ಕಾಣಲು ಬಟ್ಟೆ ಸರಿಸಿ ನೋಡುವ ತಾಳ್ಮೆ ಬೇಕೇ ಹೊರತು ಪ್ರಯೋಗಾಲಯ ಬೇಕಿಲ್ಲ.

ನಿಲ್ಲಿಸುವ ನಿಯಮವೂ ಇಲ್ಲಿ ಎಲ್ಲರಿಗೂ ಹೊಂದುವುದಿಲ್ಲ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಕಂಡುಬರುವ, ಮಣ್ಣಿನ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್‌ಗೆ ಹಲವು ವಾರಗಳ ಚುಚ್ಚುಮದ್ದು ಮತ್ತು ಅದರ ಬಳಿಕ ತಿಂಗಳುಗಟ್ಟಲೆ ಮಾತ್ರೆ ಬೇಕು. ಪ್ರೊಕ್ಯಾಲ್ಸಿಟೋನಿನ್ ಇಳಿಯಿತೆಂದು ಅದರ ಚಿಕಿತ್ಸೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಕ್ಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ವೆಚ್ಚದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಖಾಸಗಿ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆಗೆ ಸಾಮಾನ್ಯವಾಗಿ ಸಾವಿರ ರೂಪಾಯಿಗಿಂತ ಹೆಚ್ಚು ತಗಲುತ್ತದೆ. ದಿನವೂ ಮಾಡಿಸುವುದು ಕುಟುಂಬಕ್ಕೆ ಹೊರೆ. ಒಮ್ಮೆ ಮಾಡಿಸಿ ಬಿಟ್ಟರೆ, ಮೇಲೆ ಹೇಳಿದಂತೆ, ಅದರ ನಿಜವಾದ ಉಪಯೋಗ ಸಿಗುವುದಿಲ್ಲ. ಬೆರಳನ್ನು ಒತ್ತಿ ಬಿಟ್ಟು, ಬಿಳಿಚಿದ ಚರ್ಮಕ್ಕೆ ರಕ್ತ ಮರಳಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ನೋಡುವುದಕ್ಕೆ ಖರ್ಚೇ ಇಲ್ಲ. 2019ರಲ್ಲಿ ಪ್ರಕಟವಾದ ದಕ್ಷಿಣ ಅಮೆರಿಕದ ಒಂದು ಪ್ರಯೋಗದಲ್ಲಿ, ಆಘಾತದ ಚಿಕಿತ್ಸೆಗೆ ದಾರಿ ತೋರಿಸುವುದರಲ್ಲಿ ಈ ಸರಳ ವಿಧಾನ ರಕ್ತದ ಲ್ಯಾಕ್ಟೇಟ್ ಪರೀಕ್ಷೆಗೆ ಕಡಿಮೆಯಿಲ್ಲದಂತೆ ಕಂಡಿತು. ಸೀಮಿತ ಹಣವಿರುವ ತಾಲ್ಲೂಕು ಆಸ್ಪತ್ರೆಯೊಂದು ಮೊದಲು ಆಯ್ದುಕೊಳ್ಳಬೇಕಾದದ್ದು ಹೊತ್ತಿಗೆ ಸರಿಯಾಗಿ ರಕ್ತದ ಕಲ್ಚರ್ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡುವ ಸೌಲಭ್ಯವನ್ನೇ ಎಂಬುದು ಈ ಲೇಖನದ ನಿಲುವು.

ಎಲ್ಲಕ್ಕಿಂತ ಕಳವಳದ ಸಂಗತಿ ಮುನ್ಸೂಚನೆಯ ಅಂಕಿ ಸಂಬಂಧಿಕರ ಕೈಗೆ ಬಂದಾಗ ಏನಾಗುತ್ತದೆ ಎಂಬುದು. ನಿಗಾ ಘಟಕದ ಬಿಲ್ ದಿನೇ ದಿನೇ ಬೆಳೆಯುತ್ತಿರುವಾಗ, ವೈದ್ಯರ ಸಲಹೆ ಮೀರಿ ರೋಗಿಯನ್ನು ಮನೆಗೆ ಕರೆದೊಯ್ಯುವುದು ನಮ್ಮಲ್ಲಿ ಅಪರೂಪವಲ್ಲ. ‘ಮಟ್ಟ ತುಂಬಾ ಹೆಚ್ಚಿದೆ, ಉಳಿಯುವುದು ಕಷ್ಟ’ ಎಂಬ ಮಾತು ಆ ನಿರ್ಧಾರವನ್ನು ಬೇಗ ತರಿಸಬಲ್ಲದು. ಹಾಗೆ ಹೋದ ರೋಗಿ ಸತ್ತರೆ ಪರೀಕ್ಷೆ ಸರಿಯಾಗಿಯೇ ಹೇಳಿತ್ತೆಂದು ದಾಖಲಾಗುತ್ತದೆ, ಸಾವಿಗೆ ಕಾರಣವಾದದ್ದು ಚಿಕಿತ್ಸೆ ನಿಂತದ್ದು ಎಂಬುದು ಮರೆಯಾಗುತ್ತದೆ. ಮೇಲಿನ ಲೆಕ್ಕದಲ್ಲಿ ‘ಅಪಾಯ’ ಎನಿಸಿಕೊಂಡೂ ಬದುಕುವ ಆ 15 ಮಂದಿ ಇಂಥ ಕಡೆಗಳಲ್ಲಿ ಬದುಕದೆ ಹೋಗಬಹುದು. ಆದ್ದರಿಂದ ಸಂಬಂಧಿಕರು ವೈದ್ಯರನ್ನು ಕೇಳಬೇಕಾದದ್ದು ಅಂಕಿ ಎಷ್ಟೆಂದಲ್ಲ. ನಿನ್ನೆಗಿಂತ ಅದು ಇಳಿದಿದೆಯೇ, ಅದರಿಂದ ಇಂದಿನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಅವರು ಕೇಳಬೇಕು.

ಮುಂದಿನ ಪ್ರಯೋಗಗಳು

ಹಾರ್ಮೋನನ್ನು ಅಳೆದು, ಅದೇ ಹಾರ್ಮೋನನ್ನು ಗುರಿಯಾಗಿಸಿದ ಔಷಧವನ್ನು, ಅದು ಏರಿದವರಿಗೆ ಮಾತ್ರ ಕೊಟ್ಟು ನೋಡುವುದು ಈಗ ಸಂಶೋಧಕರು ಹಿಡಿದಿರುವ ದಾರಿ. 2021ರಲ್ಲಿ ವರದಿಯಾದ ‘ಅಡ್ರೆನಾಸ್-2’ ಪ್ರಯೋಗದಲ್ಲಿ, ಅಡ್ರಿನೋಮೆಡುಲಿನ್ ನಿಗದಿತ ಮಟ್ಟಕ್ಕಿಂತ ಹೆಚ್ಚಿದ್ದ ಸುಮಾರು 300 ಸೆಪ್ಟಿಕ್ ಆಘಾತದ ರೋಗಿಗಳನ್ನು ಆರಿಸಿ, ಅಡ್ರೆಸಿಜುಮಾಬ್ ಎಂಬ ಪ್ರತಿಕಾಯವನ್ನೋ ಹುಸಿ ಔಷಧವನ್ನೋ ನೀಡಲಾಯಿತು. ಔಷಧ ಸುರಕ್ಷಿತವೆಂದು ಕಂಡಿತು. ಸಾವಿನ ಪ್ರಮಾಣದಲ್ಲಿನ ಅಲ್ಪ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದಿತ್ತು. ಪ್ರಯೋಗದ ಗಾತ್ರವೂ ಅದನ್ನು ತೀರ್ಮಾನಿಸುವಷ್ಟು ದೊಡ್ಡದಿರಲಿಲ್ಲ. ಮಟ್ಟ ಹೆಚ್ಚಿರುವವರಲ್ಲಿ ಔಷಧ ಜೀವ ಉಳಿಸುತ್ತದೆ, ಕಡಿಮೆ ಇರುವವರಲ್ಲಿ ಉಳಿಸುವುದಿಲ್ಲ ಎಂದು ದೊಡ್ಡ ಪ್ರಯೋಗವೊಂದು ತೋರಿಸುವವರೆಗೆ, ಹಾರ್ಮೋನಿನ ಅಂಕಿ ನೋಡಿ ಸೆಪ್ಸಿಸ್‌ಗೆ ಔಷಧ ಆರಿಸಲು ಆಧಾರವಿರುವುದಿಲ್ಲ. ಅಲ್ಲಿಯವರೆಗೆ ಆಧಾರವಿರುವ ಬಳಕೆ ಆ್ಯಂಟಿಬಯಾಟಿಕ್ ಯಾವಾಗ ನಿಲ್ಲಿಸಬಹುದೆಂದು ತಿಳಿಯುವುದಕ್ಕೆ, ಅದೂ ರೋಗಿಯ ಸ್ಥಿತಿಯನ್ನು ಜೊತೆಗಿಟ್ಟು ನೋಡಿದಾಗ ಮಾತ್ರ.